ತಿರುಪು ತಿರುಗಿಸುವ ಮುನ್ನ: ಹಳೆಯ ಕಾರಿನ ಹೆಡ್‌ಲೈಟ್ ಮಟ್ಟ

ಕಾರಿನ ಹೆಡ್‌ಲೈಟ್ ಡಿಮ್‌ನಲ್ಲಿರುವಾಗ ಅದರ ಬೆಳಕಿಗೆ ಮೇಲ್ಗಡೆ ಒಂದು ಅಂಚು ಇರುತ್ತದೆ. ಕತ್ತಲಲ್ಲಿ ಗೋಡೆಯೆದುರು ಕಾರು ನಿಲ್ಲಿಸಿ ದೀಪ ಹಾಕಿದರೆ ಆ ಅಂಚು ಗೆರೆ ಎಳೆದಂತೆ ಕಾಣುತ್ತದೆ: ಕೆಳಗೆ ಬೆಳಕು, ಮೇಲೆ ಕತ್ತಲು. ರಸ್ತೆ ಆ ಗೆರೆಯ ಕೆಳಗಿರಬೇಕು, ಎದುರಿನಿಂದ ಬರುವವರ ಕಣ್ಣು ಗೆರೆಯ ಮೇಲಿರಬೇಕು. ಹೆಡ್‌ಲೈಟಿನ ಮಟ್ಟ ಸರಿಪಡಿಸುವುದೆಂದರೆ ಈ ಗೆರೆಯನ್ನು ಅದರ ಜಾಗದಲ್ಲಿ ಕೂರಿಸುವುದು. ಹತ್ತು ಹದಿನೈದು ವರ್ಷ ಓಡಿದ ಕಾರಿನಲ್ಲಿ ಗೆರೆ ಜಾಗ ಬಿಟ್ಟು ಸರಿಯಲು ಕಾರಣಗಳು ಹಲವು. ಅವುಗಳಲ್ಲಿ ಹೆಚ್ಚಿನವು ದೀಪದ ತಿರುಪಿಗೆ ಸಂಬಂಧಪಟ್ಟವೇ ಅಲ್ಲ. ಹಾಗಾಗಿ ತಿರುಪಿಗೆ ಕೈ ಹಾಕುವುದು ಈ ಕೆಲಸದ ಕೊನೆಯ ಹೆಜ್ಜೆ.

ಗೆರೆ ಹುಟ್ಟುವ ಬಗೆ

1990 ಮತ್ತು 2000ರ ದಶಕಗಳ ಬಹುಪಾಲು ಸಣ್ಣ ಕಾರುಗಳಲ್ಲಿರುವುದು ಎಚ್4 ಬಲ್ಬ್. ಒಂದೇ ಗಾಜಿನೊಳಗೆ ಎರಡು ತಂತಿಗಳು: ಹೈ ಬೀಮ್‌ಗೆ 60 ವ್ಯಾಟ್, ಡಿಮ್‌ಗೆ 55 ವ್ಯಾಟ್. ಡಿಮ್ ತಂತಿಯ ಕೆಳಗೆ ಚಮಚದಂಥ ಪುಟ್ಟ ಲೋಹದ ತಟ್ಟೆ ಇರುತ್ತದೆ. ತಂತಿಯಿಂದ ಕೆಳಮುಖವಾಗಿ ಹೊರಡುವ ಬೆಳಕನ್ನು ಈ ತಟ್ಟೆ ತಡೆಯುವುದರಿಂದ ಡಿಮ್‌ನಲ್ಲಿ ರಿಫ್ಲೆಕ್ಟರಿನ ಮೇಲರ್ಧ ಮಾತ್ರ ಕೆಲಸ ಮಾಡುತ್ತದೆ, ಮತ್ತು ಬೆಳಕು ಕೆಳಕ್ಕೆ ಬಾಗಿ ರಸ್ತೆಗೆ ಬೀಳುತ್ತದೆ. ಗೋಡೆಯ ಮೇಲೆ ಕಾಣುವ ಗೆರೆ ಈ ತಟ್ಟೆಯ ಅಂಚಿನದೇ ನೆರಳು. ಭಾರತದಲ್ಲಿ ವಾಹನಗಳು ರಸ್ತೆಯ ಎಡಕ್ಕೆ ಸಾಗುವುದರಿಂದ ಗೆರೆಯ ಎಡಭಾಗ ಸ್ವಲ್ಪ ಮೇಲಕ್ಕೆ ಓರೆಯಾಗಿ ಏರುತ್ತದೆ. ರಸ್ತೆ ಬದಿಯಲ್ಲಿ ನಡೆಯುವವರು, ಮೈಲಿಗಲ್ಲು, ತಿರುವಿನ ಫಲಕ ದೂರದಿಂದಲೇ ಕಾಣಲಿ ಎಂದು ಆ ಏರಿಕೆ. ಬಲಭಾಗ, ಅಂದರೆ ಎದುರಿನವರ ಕಡೆಯ ಭಾಗ, ಮಟ್ಟಸವಾಗಿರುತ್ತದೆ. ಬಲಗಡೆ ಚಲಿಸುವ ದೇಶಗಳಿಗಾಗಿ ಮಾಡಿದ ದೀಪವನ್ನು ಇಲ್ಲಿನ ಕಾರಿಗೆ ಹಾಕಿದರೆ ಏರಿಕೆ ಬಲಕ್ಕೆ ಬಂದು ಎದುರಿನವರ ಕಣ್ಣಿಗೇ ನೇರವಾಗಿ ಹೊಡೆಯುತ್ತದೆ. ಯಾವ ತಿರುಪೂ ಅದನ್ನು ಸರಿಪಡಿಸಲಾರದು.

ಗೆರೆ ಎಷ್ಟು ಬಾಗಿರಬೇಕು ಎಂಬುದನ್ನು ಶೇಕಡಾದಲ್ಲಿ ಹೇಳುತ್ತಾರೆ. ಶೇ. 1 ಎಂದರೆ ಪ್ರತಿ ಮೀಟರ್ ದೂರಕ್ಕೆ 1 ಸೆಂಟಿಮೀಟರ್ ಇಳಿಕೆ. ಅನೇಕ ಕಾರುಗಳಲ್ಲಿ ದೀಪದ ಚಿಪ್ಪಿನ ಮೇಲೆ ಅಥವಾ ಬಾನೆಟ್ ಕೆಳಗಿನ ಚೀಟಿಯಲ್ಲಿ ಪುಟ್ಟ ದೀಪದ ಚಿತ್ರದ ಪಕ್ಕ ಈ ಅಂಕಿ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ ಅದು 1ರಿಂದ 1.5ರ ನಡುವೆ ಇರುತ್ತದೆ.

ದೀಪ ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದ್ದು ಗೆರೆ ಶೇ. 1 ಬಾಗಿದ್ದರೆ ಅದು ರಸ್ತೆಯನ್ನು ಮುಟ್ಟುವುದು 65 ಮೀಟರ್ ದೂರದಲ್ಲಿ. ಬಾಗು ಶೇ. 2 ಆದರೆ ಆ ದೂರ 32 ಮೀಟರಿಗೆ ಕುಸಿಯುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು, ಅಡ್ಡ ಬಂದದ್ದನ್ನು ಚಾಲಕ ಗುರುತಿಸಿ ಬ್ರೇಕ್ ತುಳಿಯುವ ಒಂದೂವರೆ ಸೆಕೆಂಡಿನಲ್ಲೇ 25 ಮೀಟರ್ ಸಾಗಿರುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿದ್ದರೂ ನಿಲ್ಲಲು ಇನ್ನೂ ಸುಮಾರು 23 ಮೀಟರ್ ಬೇಕು. ಒಟ್ಟು 48 ಮೀಟರ್. ಬೆಳಕು 32 ಮೀಟರಿಗೇ ಮುಗಿದರೆ ಕಂಡಮೇಲೆ ನಿಲ್ಲಲು ಜಾಗವೇ ಇಲ್ಲ. ಗೆರೆ ಮೇಲಕ್ಕೆ ತಪ್ಪಿದರೆ ಅಪಾಯ ಎದುರಿನವರದು. ಬಾಗಬೇಕಾದ ಗೆರೆ ಶೇ. 1 ಮೇಲಕ್ಕೆ ಎದ್ದಿದ್ದರೆ 50 ಮೀಟರ್ ದೂರದಲ್ಲಿ ಅದರ ಎತ್ತರ 115 ಸೆಂಟಿಮೀಟರ್. ಸಣ್ಣ ಕಾರಿನಲ್ಲಿ ಕುಳಿತವರ ಕಣ್ಣು ಇರುವುದು ಸುಮಾರು ಅಷ್ಟೇ ಎತ್ತರದಲ್ಲಿ.

ಈ ಶೇ. 1ರ ವ್ಯತ್ಯಾಸ ದೀಪದ ಬಳಿ ಎಷ್ಟು ಎಂದು ನೋಡಿದರೆ ಕೆಲಸದ ಸೂಕ್ಷ್ಮ ಅರಿವಾಗುತ್ತದೆ. ರಿಫ್ಲೆಕ್ಟರ್ ಒಂದು ತುದಿಯಲ್ಲಿ ಕೀಲಿನ ಮೇಲೆ ನಿಂತು, 15 ಸೆಂಟಿಮೀಟರ್ ದೂರದ ಇನ್ನೊಂದು ತುದಿಯಲ್ಲಿ ತಿರುಪಿಗೆ ಅಂಟಿಕೊಂಡಿದೆ ಎಂದಿಟ್ಟುಕೊಂಡರೆ, ತಿರುಪಿನ ಬಳಿಯ ಒಂದೂವರೆ ಮಿಲಿಮೀಟರ್ ಅಲುಗಾಟವೇ ಶೇ. 1. ತಿರುಪನ್ನು ರಿಫ್ಲೆಕ್ಟರಿಗೆ ಸೇರಿಸುವ ನೈಲಾನ್ ಬಿರಡೆಯೊಂದು ಸವೆದರೆ ಅಷ್ಟು ಅಲುಗಾಟಕ್ಕೆ ಸಾಕು.

ಕಾರು ತನ್ನ ಮಟ್ಟದಲ್ಲಿ ನಿಂತಿದೆಯೇ?

ದೀಪ ಕಾರಿನ ಮೈಗೆ ಅಂಟಿಕೊಂಡಿರುವುದರಿಂದ ಮೈ ವಾಲಿದರೆ ಬೆಳಕೂ ವಾಲುತ್ತದೆ. ಹಳೆಯ ಕಾರಿನಲ್ಲಿ ಹಿಂದಿನ ಸ್ಪ್ರಿಂಗ್ ಕುಸಿದಿರುವುದು ಸಾಮಾನ್ಯ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.4 ಮೀಟರ್ ಅಂತರವಿರುವ ಕಾರಿನ ಹಿಂಭಾಗ 5 ಸೆಂಟಿಮೀಟರ್ ಇಳಿದರೆ ಮೂತಿ ಶೇ. 2ಕ್ಕಿಂತ ಹೆಚ್ಚು ಮೇಲೇಳುತ್ತದೆ. ಸರಿಯಾಗಿ ಕೂರಿಸಿದ್ದ ದೀಪವೂ ಆಗ ಎದುರಿನವರ ಕಣ್ಣಿಗೆ ಬಡಿಯುತ್ತದೆ. ಚಕ್ರಗಳ ಅಂತರ 2.175 ಮೀಟರ್ ಮಾತ್ರ ಇರುವ ಮಾರುತಿ 800ರಂಥ ಕಾರಿನಲ್ಲಿ ಪರಿಣಾಮ ಇನ್ನೂ ಹೆಚ್ಚು. ಹಿಂದೆ ಲೀಫ್ ಸ್ಪ್ರಿಂಗ್ ಇರುವ ಅಂಬಾಸಿಡರ್‌ನಲ್ಲಿ ಪಟ್ಟಿಗಳು ಚಪ್ಪಟೆಯಾದಂತೆ ಇದೇ ಕಥೆ. ಡಿಕ್ಕಿಯೊಳಗೆ ಗ್ಯಾಸ್ ಸಿಲಿಂಡರ್ ಕೂರಿಸಿದ ಕಾರುಗಳು ವರ್ಷವಿಡೀ ಹಿಂಭಾರ ಹೊತ್ತೇ ಓಡುತ್ತವೆ.

ಇಂಥ ಕಾರಿನಲ್ಲಿ ತಿರುಪು ತಿರುಗಿಸಿ ದೀಪ ಇಳಿಸಿದರೆ ಆ ಹೊತ್ತಿಗೆ ಗೋಡೆಯ ಮೇಲೆ ಗೆರೆ ಸರಿಯಾಗಿ ಕಾಣುತ್ತದೆ, ಸ್ಪ್ರಿಂಗ್ ಮಾತ್ರ ಕುಸಿಯುತ್ತಲೇ ಹೋಗುತ್ತದೆ. ಆದ್ದರಿಂದ ಮೊದಲು ಮಟ್ಟಸ ನೆಲದ ಮೇಲೆ ಕಾರು ನಿಲ್ಲಿಸಿ, ನಾಲ್ಕೂ ಚಕ್ರಗಳ ಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಬೇಕು. ಎಡ ಬಲಗಳ ಅಳತೆಯಲ್ಲಿ ಸ್ಪಷ್ಟ ವ್ಯತ್ಯಾಸ ಇದ್ದರೆ ಅಥವಾ ಹಿಂಭಾಗ ಬರಿಗಣ್ಣಿಗೇ ಕುಳಿತಂತೆ ಕಂಡರೆ ಸ್ಪ್ರಿಂಗ್ ಕೆಲಸ ಮೊದಲು ಮುಗಿಯಬೇಕು. ಟೈರುಗಳ ಗಾಳಿಯೂ ಕಂಪನಿ ಹೇಳಿದ ಅಂಕಿಯಲ್ಲಿರಬೇಕು. ಆ ಅಂಕಿ ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ಸಿಗುತ್ತದೆ.

ಬಲ್ಬ್, ಹೋಲ್ಡರ್, ಚಿಪ್ಪು

ಮುಂದಿನ ಪರೀಕ್ಷೆ ಬಲ್ಬಿನದು. ಎಚ್4 ಬಲ್ಬಿನ ಕೊರಳಲ್ಲಿ ಮೂರು ಕಿವಿಗಳಿರುತ್ತವೆ. ಅವು ರಿಫ್ಲೆಕ್ಟರಿನ ಮೂರು ಕಚ್ಚುಗಳಲ್ಲಿ ಪೂರ್ತಿ ಕೂತು, ತಂತಿಯ ಕ್ಲಿಪ್ ಮೇಲಿಂದ ಒತ್ತಿ ಹಿಡಿದಿರಬೇಕು. ಅವಸರದಲ್ಲಿ ಬಲ್ಬ್ ಬದಲಿಸಿದಾಗ ಒಂದು ಕಿವಿ ಕಚ್ಚಿನ ಹೊರಗೆ ಉಳಿದರೆ ಗೆರೆ ಓರೆಯಾಗುತ್ತದೆ ಅಥವಾ ಇಡೀ ಬೆಳಕು ಮೇಲೇಳುತ್ತದೆ. ಒಂದು ದೀಪ ಸರಿಯಿದ್ದು ಇನ್ನೊಂದು ಇದ್ದಕ್ಕಿದ್ದಂತೆ ಕೆಟ್ಟಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಖರ್ಚಿಲ್ಲದೆ ಎರಡು ನಿಮಿಷದಲ್ಲಿ ಮುಗಿಯುವ ರಿಪೇರಿ.

ಹೆಚ್ಚು ವ್ಯಾಟಿನ ಬಲ್ಬ್ ಹಾಕಿದ ಕಾರುಗಳಲ್ಲಿ ಹೋಲ್ಡರ್ ಕರಗಿ ರಿಫ್ಲೆಕ್ಟರಿನ ಬೆಳ್ಳಿಬಣ್ಣದ ಲೇಪ ಮಂಕಾಗಿರುತ್ತದೆ. 55 ವ್ಯಾಟಿನ ಬಲ್ಬ್ 12 ವೋಲ್ಟ್‌ನಲ್ಲಿ ಎಳೆಯುವುದು ಸುಮಾರು 4.6 ಆಂಪಿಯರ್, ಹಳೆಯ ವೈರಿಂಗ್ ಅನ್ನು ರೂಪಿಸಿರುವುದು ಹೆಚ್ಚುಕಡಿಮೆ ಅಷ್ಟಕ್ಕೇ. ಎಚ್4 ಚಿಪ್ಪಿಗೆ ಎಲ್‌ಇಡಿ ಬಲ್ಬ್ ಸಿಕ್ಕಿಸುವುದೂ ಈಗ ಎಲ್ಲೆಡೆ ನಡೆಯುತ್ತಿದೆ. ರಿಫ್ಲೆಕ್ಟರಿನ ಬಾಗು ರೂಪುಗೊಂಡಿರುವುದು ಸಣ್ಣ ತಂತಿಯ ಒಂದು ನಿರ್ದಿಷ್ಟ ಜಾಗಕ್ಕೆ. ಎಲ್‌ಇಡಿ ಬಿಲ್ಲೆಗಳು ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಬೆಳಗದಿದ್ದರೆ ಗೆರೆ ಚದುರಿ ಹೋಗುತ್ತದೆ. ಚದುರಿದ ಬೆಳಕನ್ನು ಇಳಿಸಿದರೆ ರಸ್ತೆ ಕಾಣದು, ಏರಿಸಿದರೆ ಎದುರಿನವರಿಗೆ ಕಣ್ಣು ಕತ್ತಲೆ. ಮಟ್ಟ ಕೂರಿಸುವ ಮುನ್ನ ಕಾರಿಗೆ ಗೊತ್ತುಮಾಡಿದ ಬಲ್ಬನ್ನೇ ಮರಳಿ ಹಾಕುವುದು ಸರಿಯಾದ ದಾರಿ. ಬಿಸಿಲಿಗೆ ಹಳದಿಗಟ್ಟಿದ ಪ್ಲಾಸ್ಟಿಕ್ ಮುಖವೂ ಬೆಳಕು ಚದುರಿಸುತ್ತದೆ, ಪಾಲಿಶ್ ಮಾಡಿಸಿದ ಮೇಲೆ ಗೆರೆ ಮತ್ತೆ ಸ್ಪಷ್ಟವಾಗುತ್ತದೆ. ಹಿಂದೆ ಲಾರಿ, ಬಸ್ಸು, ಕಾರುಗಳ ದೀಪದ ಮೇಲ್ಭಾಗಕ್ಕೆ ಕಪ್ಪು ಬಣ್ಣ ಬಳಿಯುವ ವಾಡಿಕೆ ಇತ್ತು. ಅದು ಬೆಳಕನ್ನು ಕಡಿಮೆ ಮಾಡುತ್ತದೆಯೇ ಹೊರತು ತಪ್ಪಿದ ಮಟ್ಟವನ್ನು ತಿದ್ದುವುದಿಲ್ಲ.

ತಿರುಪು ಸುಮ್ಮನೆ ಸುತ್ತುತ್ತಿದ್ದರೆ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ದುಂಡು ದೀಪದಲ್ಲಿ ವ್ಯವಸ್ಥೆ ಸರಳ. ಹೊರಗಿನ ಹೊಳಪಿನ ರಿಂಗ್ ಬಿಚ್ಚಿದರೆ ಸ್ಪ್ರಿಂಗ್ ಒತ್ತಡದ ಮೇಲೆ ನಿಂತ ಹೊಂದಾಣಿಕೆಯ ತಿರುಪುಗಳು ಕಾಣುತ್ತವೆ. ಮೇಲಿನದು ಏರಿಳಿತಕ್ಕೆ, ಪಕ್ಕದ್ದು ಎಡಬಲಕ್ಕೆ. ಮೇಲಿನ ತಿರುಪು ಬಿಗಿದರೆ ದೀಪದ ನೆತ್ತಿ ಹಿಂದಕ್ಕೆ ಸರಿದು ಬೆಳಕು ಮೇಲೇರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಗಾಜನ್ನು ಹಿಡಿದಿರುವ ಒಳ ರಿಂಗಿನ ತಿರುಪುಗಳು ಬೇರೆ, ಅವನ್ನು ಹೊಂದಾಣಿಕೆಯವೆಂದು ಬಿಚ್ಚಬಾರದು. ಇಲ್ಲಿನ ತೊಂದರೆ ಮುಖ್ಯವಾಗಿ ತುಕ್ಕಿನದು. ತಿರುಪು ಕಚ್ಚಿಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಬೇಕು. ಬಲ ಹಾಕಿ ತಿರುಗಿಸಿದರೆ ತಲೆ ಮುರಿಯುತ್ತದೆ. ಒಳಗಿನ ಸ್ಪ್ರಿಂಗ್ ತುಂಡಾಗಿದ್ದರೆ ದೀಪ ಗುಂಡಿಬಿದ್ದ ರಸ್ತೆಯಲ್ಲಿ ನಡುಗುತ್ತದೆ.

ನಂತರದ ಕಾರುಗಳಲ್ಲಿ ತಿರುಪು ದೀಪದ ಹಿಂಭಾಗದಲ್ಲಿದ್ದು, ಅದರ ತುದಿ ನೈಲಾನ್ ಬಿರಡೆಯ ಮೂಲಕ ರಿಫ್ಲೆಕ್ಟರಿಗೆ ಸೇರಿಕೊಂಡಿರುತ್ತದೆ. ಎಂಜಿನ್ನಿನ ಮತ್ತು ಬಲ್ಬಿನ ಕಾವಿಗೆ ವರ್ಷಗಟ್ಟಲೆ ಬೆಂದ ನೈಲಾನ್ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ತಿರುಪು ಸುತ್ತಿದಷ್ಟೂ ಸುತ್ತುತ್ತಿದ್ದು ಗೋಡೆಯ ಮೇಲಿನ ಗೆರೆ ಅಲುಗದಿದ್ದರೆ ಬಿರಡೆ ಹೋಗಿದೆ ಎಂದರ್ಥ. ಬಾನೆಟ್ ತೆರೆದು ರಿಫ್ಲೆಕ್ಟರನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಲಟಲಟ ಎಂದರೂ ಅದೇ ರೋಗ. ಕೆಲವು ಮಾಡೆಲ್‌ಗಳಿಗೆ ಬಿರಡೆ ಬಿಡಿಯಾಗಿ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಹುಡುಕುವಾಗ ಹಳೆಯ ತುಂಡನ್ನು ಕೈಯಲ್ಲಿ ಹಿಡಿದು ಹೋಗುವುದು ಒಳ್ಳೆಯದು. ಬಿರಡೆಯ ಬದಲು ಅಂಟು ಮೆತ್ತಿ ರಿಫ್ಲೆಕ್ಟರನ್ನು ನಿಲ್ಲಿಸಿದರೆ ಮುಂದೆ ಎಂದೂ ಮಟ್ಟ ಕೂರಿಸಲು ಆಗದು. ಪ್ಲಾಸ್ಟಿಕ್ ಮುಖದ ದೀಪಕ್ಕೆ ತುಕ್ಕಿನ ಎಣ್ಣೆ ತಾಗಿಸಬಾರದು, ಕೆಲವು ಎಣ್ಣೆಗಳಿಗೆ ಅದು ಬಿರಿಯುತ್ತದೆ.

ಮುಂಭಾಗಕ್ಕೆ ಹಿಂದೆಂದೋ ಪೆಟ್ಟು ಬಿದ್ದ ಕಾರಿನಲ್ಲಿ ದೀಪ ಕೂರುವ ತಗಡೇ ಬಾಗಿರಬಹುದು, ಚಿಪ್ಪಿನ ಕಿವಿ ಮುರಿದಿರಬಹುದು. ತಿರುಪು ಅದರ ಕೊನೆಯವರೆಗೂ ಹೋಗಿ ಗೆರೆ ಇನ್ನೂ ಜಾಗಕ್ಕೆ ಬಾರದಿದ್ದರೆ ತಗಡಿನ ಕೆಲಸ ಬಾಕಿ ಇದೆ.

ಡ್ಯಾಶ್‌ಬೋರ್ಡಿನ ಗುಂಡಿ ಮತ್ತು ಮೋಟಾರು

ಹೊರೆಗೆ ತಕ್ಕಂತೆ ಒಳಗೆ ಕುಳಿತೇ ದೀಪ ಇಳಿಸುವ ಯೋಚನೆ ಹಳೆಯದು. 1948ರಲ್ಲಿ ಪ್ಯಾರಿಸ್‌ನಲ್ಲಿ ಜನರೆದುರು ಬಂದ ಸಿತ್ರೊಎನ್ 2ಸಿವಿ ಕಾರಿನಲ್ಲಿ ಎರಡೂ ದೀಪಗಳನ್ನು ಹೊತ್ತ ಅಡ್ಡ ಸರಳನ್ನು ಚಾಲಕ ಒಳಗಿನಿಂದಲೇ ತಿರುಗಿಸಬಹುದಿತ್ತು. ಆ ಕಾರಿನ ಮೆತ್ತನೆಯ ಸ್ಪ್ರಿಂಗುಗಳು ಸ್ವಲ್ಪ ಹೊರೆಗೂ ಬಹಳ ಕುಸಿಯುತ್ತಿದ್ದುದರಿಂದ ಅದು ಅಗತ್ಯವೇ ಆಗಿತ್ತು. ಮುಂದೆ ಯುರೋಪಿನ ಕೆಲವು ಕಾರುಗಳು ಇದೇ ಕೆಲಸಕ್ಕೆ ಗಾಳಿಯ ಎಳೆತವನ್ನು, ಕೆಲವು ದ್ರವ ತುಂಬಿದ ಕೊಳವೆಯನ್ನು ಬಳಸಿದವು. ಇಂದು ಬಹುಪಾಲು ಕಾರುಗಳಲ್ಲಿರುವುದು ಸಣ್ಣ ವಿದ್ಯುತ್ ಮೋಟಾರು.

ಸ್ಟಿಯರಿಂಗ್ ಬಳಿಯ 0, 1, 2, 3 ಎಂದು ಬರೆದ ಗುಂಡಿ ಇದರದ್ದು. ಚಾಲಕ ಒಬ್ಬರೇ ಇದ್ದರೆ ಅಥವಾ ಪಕ್ಕದಲ್ಲಿ ಇನ್ನೊಬ್ಬರಿದ್ದರೆ 0. ಸೀಟುಗಳೆಲ್ಲ ತುಂಬಿದ್ದರೆ 1. ಜನರ ಜೊತೆ ಡಿಕ್ಕಿಯೂ ತುಂಬಿದ್ದರೆ 2. ಚಾಲಕನೊಬ್ಬನೇ ಇದ್ದು ಹಿಂದೆ ಪೂರ್ತಿ ಹೊರೆಯಿದ್ದರೆ 3. ಮಾಡೆಲ್‌ನಿಂದ ಮಾಡೆಲ್‌ಗೆ ಈ ಹಂತಗಳು ಕೊಂಚ ಬೇರೆಯಾಗುತ್ತವೆ. ಈ ಗುಂಡಿ ದೀಪವನ್ನು ಇಳಿಸುತ್ತದೆಯೇ ಹೊರತು ಮೂಲ ಮಟ್ಟಕ್ಕಿಂತ ಮೇಲೆ ಏರಿಸುವುದಿಲ್ಲ. ಮೂಲ ಮಟ್ಟ ಕೂರಿಸುವಾಗ ಗುಂಡಿ 0ಯಲ್ಲೇ ಇರಬೇಕು. 2ರಲ್ಲಿ ಬಿಟ್ಟು ತಿರುಪು ತಿರುಗಿಸಿದರೆ ಮುಂದೆ ಯಾರೋ ಗುಂಡಿಯನ್ನು 0ಗೆ ತಂದ ದಿನ ಬೆಳಕು ಆಕಾಶ ನೋಡುತ್ತದೆ.

ಮೋಟಾರಿನ ತುದಿಯಲ್ಲಿ ಗುಂಡುತಲೆಯ ಕಡ್ಡಿಯೊಂದಿದ್ದು, ಅದು ರಿಫ್ಲೆಕ್ಟರಿನ ಹಿಂದಿನ ಬಟ್ಟಲಿನಂಥ ಕ್ಲಿಪ್ಪಿಗೆ ಕಚ್ಚಿಕೊಂಡಿರುತ್ತದೆ. ಮೋಟಾರಿಗೆ ಸಾಮಾನ್ಯವಾಗಿ ಮೂರು ವೈರು: ಒಂದು ಕರೆಂಟಿಗೆ, ಒಂದು ಅರ್ತಿಗೆ, ಮತ್ತೊಂದು ಗುಂಡಿಯ ಸೂಚನೆಗೆ. ಕಡ್ಡಿ ಎಲ್ಲಿದೆ ಎಂಬುದನ್ನು ಒಳಗಿನ ಒಂದು ಸಣ್ಣ ರೆಸಿಸ್ಟರ್ ಪಟ್ಟಿ ಮೋಟಾರಿಗೆ ತಿಳಿಸುತ್ತದೆ.

ಪರೀಕ್ಷೆ ಕಿವಿಯಿಂದ ಆರಂಭವಾಗುತ್ತದೆ. ಇಗ್ನಿಷನ್ ಆನ್ ಮಾಡಿ, ಡಿಮ್ ದೀಪ ಹಾಕಿ, ಒಬ್ಬರು ಗುಂಡಿಯನ್ನು 0ಯಿಂದ 3ಕ್ಕೆ ತಿರುಗಿಸುವಾಗ ಇನ್ನೊಬ್ಬರು ದೀಪದ ಬಳಿ ಕಿವಿಗೊಡಬೇಕು. ಅನೇಕ ಕಾರುಗಳಲ್ಲಿ ಡಿಮ್ ಹಾಕದಿದ್ದರೆ ಮೋಟಾರು ಏಳುವುದೇ ಇಲ್ಲ. ಎರಡೂ ಕಡೆ ಸದ್ದೇ ಇಲ್ಲದಿದ್ದರೆ ದೋಷ ಎರಡಕ್ಕೂ ಸಮಾನವಾದದ್ದು: ಫ್ಯೂಸ್, ಗುಂಡಿ ಅಥವಾ ಅರ್ತ್. ಒಂದು ಕಡೆ ಮಾತ್ರ ಸದ್ದಿಲ್ಲದಿದ್ದರೆ ಆ ಬದಿಯ ಸಾಕೆಟ್ ಅಥವಾ ಮೋಟಾರು. ಸದ್ದು ಬಂದು ಬೆಳಕು ಅಲುಗದಿದ್ದರೆ ಗುಂಡುತಲೆ ಕ್ಲಿಪ್ಪಿನಿಂದ ಕಳಚಿದೆ ಅಥವಾ ಒಳಗಿನ ಹಲ್ಲುಚಕ್ರ ಸವೆದಿದೆ. ಮೋಟಾರು ನಿಲ್ಲದೆ ಗುಂಯ್‌ಗುಡುತ್ತಿದ್ದರೆ ರೆಸಿಸ್ಟರ್ ಪಟ್ಟಿ ಸವೆದು ಅದಕ್ಕೆ ತನ್ನ ಜಾಗ ಸಿಗುತ್ತಿಲ್ಲ.

ಸದ್ದಿಲ್ಲದ ಬದಿಯ ಸಾಕೆಟ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ ಉಳಿದದ್ದು ತಿಳಿಯುತ್ತದೆ. ಒಂದು ಪಿನ್ನಿನಲ್ಲಿ ಬ್ಯಾಟರಿಯ ವೋಲ್ಟೇಜ್ ಇರಬೇಕು, ಅರ್ತ್ ಗಟ್ಟಿಯಾಗಿರಬೇಕು, ಸೂಚನೆಯ ಪಿನ್ನಿನಲ್ಲಿ ಗುಂಡಿ ತಿರುಗಿಸಿದಂತೆ ವೋಲ್ಟೇಜ್ ಹಂತಹಂತವಾಗಿ ಬದಲಾಗಬೇಕು. ಮೂರೂ ಸರಿಯಿದ್ದರೆ ಮೋಟಾರು ಸತ್ತಿದೆ. ಎಡದ ಮೋಟಾರನ್ನು ಬಲಕ್ಕೆ ಹಾಕಿ ನೋಡಲು ಬರುವ ಕಾರುಗಳಲ್ಲಿ ಅನುಮಾನ ಇನ್ನೂ ಬೇಗ ಬಗೆಹರಿಯುತ್ತದೆ. ಕಾರವಾರ, ಮಂಗಳೂರಿನಂಥ ಕರಾವಳಿಯ ಊರುಗಳಲ್ಲಿ ಉಪ್ಪುಗಾಳಿ ಮತ್ತು ಮಳೆ ಸೇರಿ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಅಲ್ಲಿ ಮೋಟಾರು ಕೊಳ್ಳುವ ಮುನ್ನ ಪಿನ್ನು ಉಜ್ಜಿ ನೋಡುವುದೇ ಲಾಭ.

ಬಹುತೇಕ ಮೋಟಾರುಗಳು ಕಾಲು ಸುತ್ತು ತಿರುಗಿಸಿದರೆ ಬಿಡಿಸಿಕೊಳ್ಳುತ್ತವೆ, ಆಮೇಲೆ ಗುಂಡುತಲೆಯನ್ನು ಕ್ಲಿಪ್ಪಿನಿಂದ ಓರೆಯಾಗಿ ಜಾರಿಸಬೇಕು. ನೇರವಾಗಿ ಎಳೆದರೆ ಕ್ಲಿಪ್ ಮುರಿಯುತ್ತದೆ, ಕ್ಲಿಪ್ ಮುರಿದರೆ ಹಲವು ಕಾರುಗಳಲ್ಲಿ ಇಡೀ ದೀಪ ಬದಲಿಸಬೇಕಾಗುತ್ತದೆ. ಹೊಸದನ್ನು ಕೂರಿಸುವಾಗ ಬಲ್ಬಿನ ರಂಧ್ರದಿಂದ ಕೈಯಿಟ್ಟು, ಹೊಳಪಿನ ಭಾಗ ಮುಟ್ಟದೆ, ರಿಫ್ಲೆಕ್ಟರನ್ನು ಮೋಟಾರಿನ ಕಡೆಗೆ ಒತ್ತಿ ಹಿಡಿದರೆ ಟಕ್ ಎಂದು ಕಚ್ಚಿಕೊಳ್ಳುತ್ತದೆ. ಮೋಟಾರು ಎಲ್ಲೂ ಸಿಗದ ಕಾರಿನಲ್ಲಿ ರಿಫ್ಲೆಕ್ಟರನ್ನು 0 ಮಟ್ಟದಲ್ಲಿ ತಿರುಪಿನಿಂದ ಭದ್ರಪಡಿಸಬಹುದು, ಆಗ ಹೊರೆ ತುಂಬಿದ ದಿನ ಬೆಳಕು ಏರುವುದನ್ನು ಚಾಲಕ ನೆನಪಿಡಬೇಕು.

ಝೆನಾನ್ ದೀಪದ ಕಾರುಗಳದು ಬೇರೆ ವ್ಯವಸ್ಥೆ. 2000 ಲ್ಯೂಮೆನ್‌ಗಿಂತ ಪ್ರಖರವಾದ ಡಿಮ್ ದೀಪಕ್ಕೆ ಯುರೋಪಿನ ನಿಯಮ ತಾನೇ ಮಟ್ಟ ಹೊಂದಿಸಿಕೊಳ್ಳುವ ಏರ್ಪಾಟನ್ನು ಕೇಳಿತು. ಅವುಗಳಲ್ಲಿ ಸಸ್ಪೆನ್ಷನ್‌ಗೆ ಕಟ್ಟಿದ ಸಣ್ಣ ಕೊಂಡಿ ಮತ್ತು ಸೆನ್ಸರ್ ಕಾರಿನ ಎತ್ತರ ಅಳೆಯುತ್ತವೆ. ಕೆಸರು ತುಕ್ಕಿಗೆ ಆ ಕೊಂಡಿ ತುಂಡಾದರೆ ದೀಪದ ಮಟ್ಟ ತಪ್ಪುತ್ತದೆ. ಆದ್ದರಿಂದ ಮೊದಲು ಕಾರಿನಡಿ ನೋಡಬೇಕು. ಸ್ಪ್ರಿಂಗ್ ಅಥವಾ ಸೆನ್ಸರ್ ಬದಲಿಸಿದರೆ ಗ್ಯಾರೇಜಿನ ಸ್ಕ್ಯಾನರ್‌ನಿಂದ ಮೂಲ ಮಟ್ಟವನ್ನು ಮತ್ತೆ ಕಲಿಸಬೇಕಾಗುತ್ತದೆ.

ಗೋಡೆಯ ಮೇಲೆ ಗೆರೆ ಕೂರಿಸುವುದು

ಇಷ್ಟೂ ಸರಿಯಾದ ಮೇಲೆ ತಿರುಪಿನ ಸರದಿ. ಬೇಕಾದದ್ದು ಒಂದು ನೇರ ಗೋಡೆ, ಅದರೆದುರು ಕನಿಷ್ಠ 5 ಮೀಟರ್ ನೆಲ, ಅಳತೆ ಪಟ್ಟಿ, ಬಣ್ಣದ ಟೇಪು. ನೆಲ ನೀರು ಹರಿಯಲೆಂದು ಕೊಂಚ ಇಳಿಜಾರಾಗಿದ್ದರೂ ಚಿಂತೆಯಿಲ್ಲ, ಆ ಇಳಿಜಾರು ಕಾರಿನ ಹಿಂದಿನ ಚಕ್ರದಿಂದ ಗೋಡೆಯವರೆಗೆ ಒಂದೇ ಸಮ ಇರಬೇಕು. ನಡುವೆ ಮುರಿದರೆ ಲೆಕ್ಕ ತಪ್ಪುತ್ತದೆ. ಗಾರೆ ಕೆಲಸದವರ ದಾರ ಎಳೆದು ನೋಡಿದರೆ ಇದು ತಿಳಿಯುತ್ತದೆ. ಚಾಲಕನ ಸೀಟಿನಲ್ಲಿ ಒಬ್ಬರು ಕೂರಬೇಕು, ಇಲ್ಲವೇ 25 ಕಿಲೋದ ಮೂರು ಅಕ್ಕಿ ಮೂಟೆ ಇಡಬಹುದು. 75 ಕಿಲೋ ಎಂಬುದು ಯುರೋಪಿನ ನಿಯಮವೂ ಲೆಕ್ಕಕ್ಕೆ ಹಿಡಿದ ಚಾಲಕನ ತೂಕ. ಕಾರನ್ನು ನಾಲ್ಕಾರು ಬಾರಿ ಒತ್ತಿ ಬಿಟ್ಟು ಸ್ಪ್ರಿಂಗುಗಳನ್ನು ಸಹಜ ಸ್ಥಿತಿಗೆ ತರಬೇಕು.

ಮೊದಲು ಕಾರನ್ನು ಗೋಡೆಗೆ ಹತ್ತಿರ ಹತ್ತಿರ ನೇರವಾಗಿ ತಂದು ಎರಡೂ ದೀಪಗಳ ನಡುಬಿಂದುವನ್ನು ಗೋಡೆಯ ಮೇಲೆ ಗುರುತಿಸಿ, ಅವುಗಳನ್ನು ಅಡ್ಡ ಟೇಪಿನಿಂದ ಸೇರಿಸಬೇಕು. ಪ್ರತಿ ಬಿಂದುವಿನ ಮೂಲಕ ಮೇಲಿಂದ ಕೆಳಕ್ಕೆ ಒಂದು ಉದ್ದ ಟೇಪು. ಆಮೇಲೆ ಸ್ಟಿಯರಿಂಗ್ ತಿರುಗಿಸದೆ ದೀಪದಿಂದ ಗೋಡೆಗೆ 5 ಮೀಟರ್ ಆಗುವವರೆಗೆ ಹಿಂದಕ್ಕೆ ತರಬೇಕು. ಕಾರಿನ ಅಂಕಿ ಶೇ. 1 ಆಗಿದ್ದರೆ ಮೊದಲ ಅಡ್ಡ ಟೇಪಿಗಿಂತ 5 ಸೆಂಟಿಮೀಟರ್ ಕೆಳಗೆ ಎರಡನೆಯ ಟೇಪು, 1.2 ಆಗಿದ್ದರೆ 6 ಸೆಂಟಿಮೀಟರ್ ಕೆಳಗೆ. 10 ಮೀಟರ್ ಜಾಗವಿದ್ದರೆ ಈ ಅಳತೆಗಳು ಇಮ್ಮಡಿಯಾಗುತ್ತವೆ, ನಿಖರತೆಯೂ ಹೆಚ್ಚುತ್ತದೆ.

ಒಂದು ದೀಪವನ್ನು ದಪ್ಪ ಬಟ್ಟೆಯಿಂದ ಮುಚ್ಚಿ ಇನ್ನೊಂದನ್ನು ಹೊಂದಿಸಬೇಕು. ಹ್ಯಾಲೊಜೆನ್ ಬಿಸಿಗೆ ಬಟ್ಟೆ ಸುಡದಂತೆ ಕೆಲಸ ಬೇಗ ಮುಗಿಸಬೇಕು, ರಟ್ಟನ್ನು ದೀಪದಿಂದ ಕೊಂಚ ದೂರ ಅಡ್ಡ ಹಿಡಿದರೆ ಇನ್ನೂ ಒಳ್ಳೆಯದು. ಗೆರೆಯ ಬಲಗಡೆಯ ಮಟ್ಟಸ ಭಾಗ ಕೆಳಗಿನ ಟೇಪಿನ ಮೇಲೆ ಕೂರಬೇಕು, ಎಡಕ್ಕೆ ಏರತೊಡಗುವ ಮೂಲೆ ಆ ದೀಪದ ಉದ್ದ ಟೇಪಿನ ಮೇಲೆ ಬರಬೇಕು. ತಿರುಪಿನಲ್ಲಿ ಸ್ವಲ್ಪವಾದರೂ ಸಡಿಲ ಇದ್ದೇ ಇರುವುದರಿಂದ ಗೆರೆಯನ್ನು ಟೇಪಿಗಿಂತ ಕೆಳಕ್ಕೆ ಇಳಿಸಿ, ಆಮೇಲೆ ಮೇಲಕ್ಕೆ ತಂದು ನಿಲ್ಲಿಸಿದರೆ ಸಡಿಲ ಒಂದೇ ಕಡೆಗೆ ಕೂತು ಮಟ್ಟ ನಿಲ್ಲುತ್ತದೆ. ಎಚ್4 ದೀಪದಲ್ಲಿ ಡಿಮ್ ಸರಿಯಾದರೆ ಹೈ ಬೀಮ್ ತಾನಾಗಿ ಸರಿಹೋಗುತ್ತದೆ. ಹೈ ಬೀಮ್ ನೋಡಿ ಹೊಂದಿಸುವುದು ತಪ್ಪು.

ಕೊನೆಗೆ ಕಾರನ್ನು ನಾಲ್ಕು ಹಂಪುಗಳಿರುವ ರಸ್ತೆಯಲ್ಲಿ ಓಡಿಸಿ ತಂದು ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ನೋಡಬೇಕು. ಗೆರೆ ಸರಿದಿದ್ದರೆ ಎಲ್ಲೋ ಒಂದು ಸಡಿಲ ಉಳಿದಿದೆ, ಹಿಂದಿನ ಹಂತಗಳಿಗೆ ಮರಳಬೇಕು.

ಕಾನೂನಿನ ಅಳತೆ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಹೆಡ್‌ಲೈಟಿನ ಬೆಳಕು ಕೆಳಕ್ಕೆ ಬಾಗಿರಬೇಕು ಅಥವಾ ಚಾಲಕ ಬಾಗಿಸುವಂತಿರಬೇಕು ಎನ್ನುತ್ತದೆ. ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಅದು ಕೋರೈಸಬಾರದು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ಪ್ರತಿ 5 ವರ್ಷಕ್ಕೆ ನವೀಕರಿಸುವಾಗ ದೀಪಗಳೂ ತಪಾಸಣೆಗೆ ಒಳಪಡುತ್ತವೆ. ಆದರೆ 8 ಮೀಟರಿನಲ್ಲಿ ಶೇ. 1ರ ತಪ್ಪು ಬರೀ 8 ಸೆಂಟಿಮೀಟರ್, 50 ಮೀಟರಿನಲ್ಲಿ ಅದು ಅರ್ಧ ಮೀಟರ್. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಮಳೆಗಾಲದ ರಾತ್ರಿ ತಿರುವಿನಿಂದ ಎದುರಾಗುವ ಬೈಕ್ ಸವಾರನಿಗೆ ಆ ಅರ್ಧ ಮೀಟರ್ ಎಂದರೆ ರಸ್ತೆಯ ಅಂಚು ಕಾಣುವುದು ಅಥವಾ ಕಾಣದಿರುವುದು. ಹಾಗಾಗಿ ತಪಾಸಣೆಯ ದಿನಕ್ಕೆ ಕಾಯದೆ ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ, ಹಾಗೆಯೇ ಸ್ಪ್ರಿಂಗ್, ಬಲ್ಬ್ ಅಥವಾ ದೀಪ ಬದಲಿಸಿದಾಗಲೆಲ್ಲ ಮಟ್ಟ ನೋಡಬೇಕು. ಗೋಡೆಯ ಮೇಲಿನ ಗುರುತುಗಳನ್ನೂ ಚಕ್ರ ನಿಂತ ಜಾಗದ ಗುರುತನ್ನೂ ಬಣ್ಣದಿಂದ ಉಳಿಸಿಕೊಂಡರೆ ಮುಂದಿನ ಸಲದ ಪರೀಕ್ಷೆಗೆ ಐದು ನಿಮಿಷ ಸಾಕು.